ಮಾದಪ್ಪನ ಮಹಿಮೆ

ಅರವತ್ತೆರಡರ ಬೇಸಿಗೆಯಲ್ಲಿ ಹನೂರಿನ ಬಸ್ಸಿಗೆ ಕಾಯುತ್ತ ಕೊಳ್ಳೇಗಾಲದ ಒಂದು ಕಾಫಿ ಹೋಟೆಲಿನ ಹೆಂಗಸರ ಕೋಣೆಯಲ್ಲಿ ಕುಳಿತಿದ್ದೆ. ಹಲಗೆಯ ಅಡ್ಡಗೋಡೆಯ ಆಚೆ ಹೋಟೆಲಿನ ಯಜಮಾನ ಪುಟ್ಟಬುದ್ಧಿ, ನೇಕಾರ ಬಿಳಿಗಿರಿಯೊಡನೆ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದ.

“ಮರಿಸ್ವಾಮಿ ಮಗಳು ರತ್ನನ ಸಂಬಂಧ ಮುರುದೋಯ್ತು ಕಣ್ಲಾ. ಗಂಡಿನೋರು ಬ್ಯಾಡ ಅಂತ ಕಾಗದ ಬರ್ದವ್ರೆ.”

“ಯಾಕಂತೆ?”

“ಹುಡುಗಿಗೆ ಮೂರ್ಛೆ ಬತ್ತದೆ ಅಂತ ಇಲ್ಲೇ ಯಾರೋ ಏಳುದ್ರಂತೆ.”

ಲೋಟ ಕೆಳಗಿಟ್ಟ ಸದ್ದಾಯಿತು.

“ಶನಿವಾರ ಇಬ್ರು ನನ್ ಪಕ್ಕ ಕೂತಿದ್ರಲ್ಲ, ಅವ್ರಾ?”

“ಅವ್ರೇ. ಹೆಣ್ಣಿನ ಮನೆ ವಿಚಾರ ಎಲ್ರೂ ಇಲ್ಲೇ ತಾನೆ ಕೇಳೋದು? ನೀನು ಬಾಯಿಗೆ ಬೀಗ ಆಕಿದ್ದು ಯಾವತ್ತು?”

“ಮಾದಪ್ಪನ ಬೆಟ್ಟಕ್ಕೋಗೋ ಜನ ಅನ್ಕಂಡೆ. ರತ್ನ ಮಗಾಗಿದ್ದಾಗ ಮೂರ್ಛೆ ಬರೋದು, ಮಾದಪ್ಪನ್ಗೆ ಹರಕೆ ಹೊತ್ರು, ಹನ್ನೆರಡು ವರ್ಷದಿಂದ ಒಂದ್ಸಲಾನೂ ಬಂದಿಲ್ಲ ಅಂದೆ. ದೇವ್ರ ಮಹಿಮೆ ಏಳ್ದೆ ಕಣಪ್ಪ.”

“ಅವ್ರು ಮೂರ್ಛೆ ಅನ್ನೋದೊಂದ್ನೇ ಕೇಳ್ಸ್ಕಂಡವ್ರೆ.”

“ನಾನೇ ಎತ್ತಾಡ್ಸಿದ ಮಗ ಅದು.”

ಸ್ವಲ್ಪ ಹೊತ್ತಿಗೆ ಪುಟ್ಟಬುದ್ಧಿ ದನಿ ಬದಲಿಸಿದ. “ಬಾ ಮರಿಸ್ವಾಮಿ, ಕೂತ್ಕೊ.”

“ಕೂರಕ್ಕೆ ಬಂದಿಲ್ಲ. ಬಿಳಿಗಿರಿ, ನನ್ ಜೊತೆ ಗಂಡಿನ ಮನೆಗೆ ಬಾ. ಮೂರ್ಛೆ ಇಲ್ಲ ಅಂತ ನೀನೊಂದು ಮಾತು ಏಳುದ್ರೆ ನಂಬ್ತಾರೆ.”



“ನಂಗೆ ಸೊಂಟ ಇಡ್ಕಂಡದೆ. ನೀನೇ ಓಗ್ಬಾ.”

“ಆಗ್ಲಿ ಬುಡು,” ಎಂದು ಮರಿಸ್ವಾಮಿ ಹೊರಟ.

“ನಿನ್ ಮೊಕ ಅವ್ರಿಗೆ ಗೊತ್ತು ಅಂತ ತಾನೆ ಓಗಕಿಲ್ಲ ಅಂದಿದ್ದು?” ಎಂದ ಪುಟ್ಟಬುದ್ಧಿ.

“ಯಾರ್ಗೂ ಏಳ್ಬ್ಯಾಡ.”

“ನಾನೇನೋ ಏಳಕಿಲ್ಲ. ನೀನು?”

“ಯಾರ್ಗೂ ಇಲ್ಲ. ಮನೇಲೂ ಇಲ್ಲ.”

ಬಿಳಿಗಿರಿ ಎದ್ದು ಹೊರಗೆ ಬಂದದ್ದು ನನ್ನ ಕೋಣೆಯ ಕಿಟಕಿಯಿಂದ ಕಂಡಿತು. ಮರಿಸ್ವಾಮಿ ಇನ್ನೂ ಬೀದಿಯ ಕೊನೆಯಲ್ಲಿ ಕಾಣುತ್ತಿದ್ದ. ಇವನು ಇನ್ನೊಂದು ಕಡೆಗೆ ನಡೆದ.