ನಿನ್ನೆಯ ಗಾಳಿ

ಕಣ್ಣಾಸ್ಪತ್ರೆಯ ಬೆಂಚಿನಲ್ಲಿ ಕಾಯುತ್ತಿದ್ದ ದರ್ಜಿಯ ಪಕ್ಕ ಅತ್ತೆ ಸೊಸೆ ಬಂದು ಕೂತರು. ಅತ್ತೆಯ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿತ್ತು.

“ಟೀವಿಯವರ ವೆಬ್‌ಸೈಟ್ ತೆಗಿಯಮ್ಮ. ನನ್ನ ಮಗ ಮೀನಿಗೆ ಹೋಗಿ ನಾಲ್ಕು ದಿನ ಆಯ್ತು. ಕಡಲು ಹೇಗಿದೆಯಂತೆ, ಓದು.”

ಸೊಸೆ ಮೊಬೈಲ್ ತೆಗೆದಳು. ಪಕ್ಕದವರ ಮೊಬೈಲಿಗೆ ಇಣುಕಬಾರದೆಂದು ದರ್ಜಿಗೂ ಗೊತ್ತು. ಹಾಳು ಕಣ್ಣು ಕೇಳಬೇಕಲ್ಲ. ಪರದೆಯ ಮೇಲೆ ಮಗುಚಿದ ದೋಣಿಯ ಚಿತ್ರ, ಕೆಳಗೆ ಸತ್ತವರ ಐದು ಹೆಸರು. ಸೊಸೆಯ ಬೆರಳು ಮೂರನೆಯ ಹೆಸರಿನ ಮೇಲೆ ನಿಂತುಬಿಟ್ಟಿತು.

“ಏನಂತೆ?”

“ಗಾಳಿ... ಗಾಳಿ ಕಮ್ಮಿಯಂತೆ ಅತ್ತೆ. ಅಲೆನೂ ಅಷ್ಟೇನಿಲ್ಲ. ಮಧ್ಯಾಹ್ನ ಬಿಸಿಲಂತೆ.”

“ನಿನ್ನೆನೂ ಇದನ್ನೇ ಓದಿದ್ದೆ.”

“ಇವತ್ತೂ ಹಾಗೇ ಇದೆ.”

ಅತ್ತೆ ತಡವಿ ಅವಳ ಕೈ ಹಿಡಿದಳು.

“ಯಾಕೆ ಇಷ್ಟು ತಣ್ಣಗಾಗಿದೆ ಕೈ?”

“ಫ್ಯಾನು ಜೋರಾಗಿದೆ.”

ಅತ್ತೆ ತಲೆಯೆತ್ತಿ ಕಿವಿಗೊಟ್ಟಳು. ಫ್ಯಾನು ತಿರುಗುತ್ತಿರಲಿಲ್ಲ.

“ಪಟ್ಟಿ ಬಿಚ್ಚಿಸ್ಕೊಳ್ಳೋರು ಬನ್ನಿ,” ನರ್ಸ್ ಕರೆದಳು.

ಇಬ್ಬರೂ ಎದ್ದರು. ಬಾಗಿಲ ಹತ್ತಿರ ಅತ್ತೆ ಮೆಲ್ಲಗೆ ಹೇಳಿದ್ದು ದರ್ಜಿಗೆ ಕೇಳಿಸಿತು:

“ಇನ್ನೊಂದು ದಿನ ಪಟ್ಟಿ ಹಾಗೇ ಇರಲಿ ಅಂತ ಡಾಕ್ಟ್ರಿಗೆ ಹೇಳು ತಾಯಿ.”