ಯಾವ ತಟ್ಟೆಗೆ ಯಾವ ಚಾಕು

ಪ್ರಿಯ ಸಭೆಯವರೇ, ‘ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ’ ಅಂತ ನಾನು ಬಾಯಿ ತೆರೆದ ಕೂಡಲೇ ಹಿಂದಿನ ಬೆಂಚಿನವರು ಕಣ್ಣು ಮುಚ್ತೀರಿ. ಶ್ರೀಮಂತ ಅಂದ್ರೆ ನಾವಲ್ಲ, ಅಯ್ಯನವರು ಇನ್ಯಾರಿಗೋ ಹೇಳ್ತಿದ್ದಾರೆ ಅಂತ ನಿಮಗೆ ನೆಮ್ಮದಿ. ಆಗಲಿ, ಇವತ್ತು ಬೇರೆ ಥರ ಶುರುಮಾಡೋಣ. ಒಂದೂರಲ್ಲಿ ಒಂದು ಪೆಟ್ಟಿಗೆ ತುಂಬ ಚಾಕು ಇದ್ದವು. ಆ ಚಾಕುಗಳಿಗೆ ಒಬ್ಬ ಶ್ರೀಮಂತ ಇದ್ದ.

ಇವನಿಗೆ ಕ್ರಿಸ್‌ಮಸ್ ಊಟಕ್ಕೆ ನಮ್ಮ ನಿಮ್ಮ ಹಾಗೆ ಕೋಳಿ ಸಾರು, ಮಟನ್ ಪಲಾವ್ ಸಾಲದು. ಟರ್ಕಿ ಕೋಳಿ ಬೇಕು. ಅದೂ ತುಂಡು ಮಾಡದೆ, ಇಡಿಯಾಗಿ ಓವನ್ನಿನಲ್ಲಿ ಬೇಯಿಸಿ, ಅತಿಥಿಗಳ ಎದುರು ಯಜಮಾನನೇ ನಿಂತು ಕೊಯ್ದು ಬಡಿಸಬೇಕು. ಅದಕ್ಕೆ ಸರಿಯಾದ ಚಾಕು ಯಾವುದು? ಡಿಸೆಂಬರ್ ಪೂರ್ತಿ ಇದೇ ಧ್ಯಾನ. ನೋಡಿ, ನಾವೆಲ್ಲ ಪ್ರಾರ್ಥನೆ ಮಾಡ್ತಿದ್ದಾಗ ಅವನು ಚಾಕು ಮಸೀತಿದ್ದ. ಹಲ್ಲಿರೋ ಚಾಕು ತಂದ. ಮಾಂಸ ಚಿಂದಿ ಚಿಂದಿಯಾಗುತ್ತೆ, ಬೇಡ. ಗಿಡ್ಡದ್ದು ತಂದ, ಇಷ್ಟು ದೊಡ್ಡ ಎದೆಭಾಗಕ್ಕೆ ಎಲ್ಲಿ ಸಾಕು, ಬೇಡ. ಅಭ್ಯಾಸಕ್ಕೆ ಅಂತ ದಿನಾ ಒಂದು ಬೂದುಗುಂಬಳಕಾಯಿ ಕೊಯ್ದ. ಕುಂಬಳಕಾಯಿ ಪಲ್ಯ ತಿಂದು ಸಾಕಾದ ಹೆಂಡತಿ ಮಕ್ಕಳು ಆ ವರ್ಷ ಕ್ರಿಸ್‌ಮಸ್ಸಿಗೆ ಕಾದಷ್ಟು ಭಕ್ತಿಯಿಂದ ಯಾರೂ ಕಾದಿರಲಿಕ್ಕಿಲ್ಲ.

ಕೊನೆಗೆ ಎರಡು ಚಾಕು ಆರಿಸಿದ. ಒಂದು ಅಗಲ ಅಲಗಿನದು, ಭಾರದ್ದು. ಅದರಲ್ಲಿ ಚರ್ಮ ಸಮೇತ ದಪ್ಪ ತುಂಡು ಬರುತ್ತೆ. ಇನ್ನೊಂದು ಉದ್ದ, ತೆಳ್ಳಗಿನದು. ಅದರಲ್ಲಿ ಕೊಯ್ದರೆ ಹಪ್ಪಳದ ಹಾಗೆ. ಎರಡು ಯಾಕ್ರೀ ಅಂತ ಹೆಂಡತಿ ಕೇಳಿದ್ದಕ್ಕೆ, ಬರೋರೆಲ್ಲ ಒಂದೇ ಥರದವರಾ ಅಂತ ಅವನು ತಿರುಗಿ ಕೇಳಿದ.

ಯಾರು ಬರೋರು? ಬ್ಯಾಂಕ್ ಮ್ಯಾನೇಜರು, ಡಾಕ್ಟರು, ಕಂಟ್ರಾಕ್ಟರು. ಜೊತೆಗೆ ಒಡಹುಟ್ಟಿದ ತಂಗಿ. ಅವಳು ಟೆಂಪೋ ಓಡಿಸೋನನ್ನ ಮೆಚ್ಚಿ ಮದುವೆಯಾದಳು ಅಂತ ವರ್ಷಗಳಿಂದ ಇವನು ಮಾತು ಬಿಟ್ಟಿದ್ದ. ಈ ಸಲ ಮುದಿ ತಾಯಿ ಹಟ ಹಿಡಿದಿದ್ದಳು. ನಾನು ಕಣ್ಣು ಮುಚ್ಚೋದರೊಳಗೆ ನನ್ನ ಎರಡು ಮಕ್ಕಳೂ ಒಂದೇ ಮೇಜಿನಲ್ಲಿ ಉಣ್ಣೋದನ್ನ ನೋಡಬೇಕು ಅಂದಿದ್ದಳು. ಹೆತ್ತವಳಿಗೆ ಬೇಕಾದದ್ದು ಅಷ್ಟೇ, ಟರ್ಕಿ ಅಲ್ಲ.

ಊಟದ ದಿನ ಬಂತು. ಮ್ಯಾನೇಜರಿಗೆ ಅಗಲ ಚಾಕು, ದಪ್ಪ ತುಂಡು. ಡಾಕ್ಟರಿಗೆ ಅಗಲ ಚಾಕು. ಕಂಟ್ರಾಕ್ಟರಿಗಂತೂ ತೊಡೆಯೇ ಹೋಯ್ತು. ಮೇಜಿನ ಕೊನೆಯಲ್ಲಿ ತಂಗಿ, ಅವಳ ಗಂಡ, ಪಕ್ಕದಲ್ಲಿ ತಾಯಿ. ತಂಗಿಯ ತಟ್ಟೆ ಬಂದಾಗ ನಮ್ಮ ಶ್ರೀಮಂತ ಅಗಲದ್ದನ್ನ ಕೆಳಗಿಟ್ಟು ತೆಳ್ಳಗಿನದನ್ನ ಎತ್ತಿಕೊಂಡ. ಎಂಥ ಕೈಚಳಕ ಅಂತೀರಿ! ತಟ್ಟೆಯ ಮೇಲಿದ್ದ ಹೂವಿನ ಚಿತ್ರ ಮಾಂಸದೊಳಗಿಂದ ಕಾಣಿಸ್ತಿತ್ತಂತೆ. ಅವಳ ಗಂಡನಿಗೂ ಅಷ್ಟೇ. ತಂಗಿ ತಲೆ ತಗ್ಗಿಸಿದಳು.

ಆಮೇಲೆ ತಾಯಿಯ ಸರದಿ. ತಾಯಿ ಅಲ್ಲವೇ? ಅವನ ಕೈ ಮತ್ತೆ ಅಗಲ ಚಾಕುವಿಗೆ ಹೋಯ್ತು.

‘ಅದು ಬೇಡ ಮಗಾ,’ ಅಂದಳು ತಾಯಿ. ‘ನನ್ನ ಮಗಳಿಗೆ ಕೊಯ್ದೆಯಲ್ಲ, ಆ ಚಾಕುವಿನಲ್ಲೇ ನನಗೂ ಕೊಯ್ದು ಹಾಕು.’

ಅವನು ಕೊಯ್ದ, ಇನ್ನೇನು ಮಾಡಿಯಾನು? ಅವಳು ಆ ತೆಳು ತುಂಡನ್ನ ತಿಂದಳು, ಕೈ ತೊಳೆದಳು, ಮಗಳ ಕೈ ಹಿಡಿದು ಅಳಿಯನ ಟೆಂಪೋ ಹತ್ತಿದಳು. ನಿಲ್ಲಮ್ಮಾ ಅಂತ ಮಗ ಗೇಟಿನವರೆಗೂ ಓಡಿದ, ಚಾಕು ಕೈಯಲ್ಲೇ ಇತ್ತು. ಹಾಗೆ ಕರೆದರೆ ಯಾರು ತಾನೇ ಇಳಿದು ಬರ್ತಾರೆ?

ನಗ್ತಿದ್ದೀರಿ. ನಗಿ, ನಗಿ. ಪಂಕ್ತಿಭೇದ ಅಂದ್ರೆ ಬೇರೆಯವರ ಕಾಯಿಲೆ, ನಮಗೆ ಅದು ಇಲ್ಲ ಅಂತ ನಾವು ಎಷ್ಟು ಸಲ ಹೇಳಿಲ್ಲ! ಆದರೆ ಸಭೆಯ ಊಟದಲ್ಲಿ ಸೌಟು ಹಿಡಿಯೋದು ಯಾರು? ಹಿರಿಯರ ತಟ್ಟೆ ಬಂದಾಗ ಸೌಟು ತಳಕ್ಕೆ ಇಳಿಯುತ್ತೆ, ತುಂಡು ಹುಡುಕುತ್ತೆ. ಈ ದೇವಾಲಯ ಗುಡಿಸೋ ತಾಯಿ ಬಂದಾಗ ಅದೇ ಸೌಟು ಸಾರಿನ ಮೇಲೆ ತೇಲುತ್ತೆ. ಮುಖ ನೋಡಿ ಮಣೆ ಹಾಕೋದು ಇದೇ ಅಲ್ಲವೇ? ಇವತ್ತಿನ ಊಟದಲ್ಲಿ ಆ ತಾಯಿಯ ತಟ್ಟೆಗೆ ತುಂಡು ಬೀಳೋವರೆಗೂ ನನ್ನ ತಟ್ಟೆಗೆ ಲೆಗ್ ಪೀಸ್ ತರಬೇಡಿ. ತಂದರೆ ವಾಪಸ್ ಕಳಿಸ್ತೀನಿ, ಎಲ್ಲರೆದುರು ಕಳಿಸ್ತೀನಿ.

ಇನ್ನು ಮನೆಗೆ ಹೋಗಿ. ಅಡುಗೆಮನೆ ಕಿಟಕಿ ಮೇಲೆ ಒಂದು ಲೋಟ ಬೇರೆ ಇಟ್ಟಿದ್ದೀರಲ್ಲ, ಕೆಲಸದವಳಿಗೆ ಅಂತ? ಯಾವ ಲೋಟ ಅಂತ ನನ್ನ ಮುಖ ನೋಡಬೇಡಿ, ನಿಮಗೆ ಗೊತ್ತು. ಅದನ್ನ ತೆಗೆದು ನಿಮ್ಮ ಲೋಟಗಳ ಜೊತೆ ತೊಳೆದು ಬೋರಲು ಹಾಕಿ. ನಾಳೆ ಬೆಳಿಗ್ಗೆ ಅವಳಿಗೂ ನಿಮಗೂ ಕಾಫಿ ಸುರಿಯುವಾಗ, ಆ ಲೋಟ ಯಾರ ಕೈಗೆ ಹೋಯ್ತು ಅಂತ ನಿಮಗೇ ಗೊತ್ತಾಗಬಾರದು.