ಬೀಗ ನಿಮ್ಮದು, ಬಾಗಿಲು ನಮ್ಮದು

ಕೂತ್ಕೋ ಅಕ್ಕ. ಲಾಯರು ಎಲ್ಲಿಗೂ ಓಡಿಹೋಗಲ್ಲ. ಟೀ ಕುದೀತಿದೆ... ಕುಡಿದು ಹೊರಡೋಣ. ನಿನಗೆ ಯಾವಾಗಲೂ ಅವಸರ.

ಬರಲ್ಲ ಅಂದ್ನಾ ನಾನು? ಬರ್ತೀನಿ. ಅಲ್ಲಿ ಹೋಗಿ ತಡವರಿಸೋದು ಬೇಡ ಅಂತ. ಏನು ಹೇಳ್ಬೇಕೋ ಒಂದ್ಸಲ ನಿನ್ನ ಮುಂದೆ ಹೇಳಿ ನೋಡ್ತೀನಿ.

ನೋಡಿ ಸಾರ್, ನಾನು ಡಬ್ಬಿಂಗ್ ಮಾಡೋಳು. ಪರದೆ ಮೇಲೆ ಯಾರೋ ಬಾಯಿ ಆಡಿಸ್ತಾರೆ, ಕತ್ತಲೆ ಕೋಣೇಲಿ ನಿಂತು ನಾನು ಮಾತಾಡ್ತೀನಿ. ಕೂದಲು ಕಪ್ಪಿದ್ದಾಗಿಂದ ಇದೇ ಕೆಲಸ. ಆ ಗಿರಣಿ ಸಿನಿಮಾದ ನಾಯಕಿಗೆ ದನಿ ಕೊಟ್ಟೋಳು ನಾನೇ. ಮುಚ್ಚಿದ ಗಿರಣಿಯ ಗೇಟಿನ ಮುಂದೆ ನಿಂತು ಮಾಲೀಕನಿಗೆ ಹೇಳ್ತಾಳಲ್ಲ, 'ಬೀಗ ನಿಮ್ಮದು, ಬಾಗಿಲು ನಮ್ಮದು' ಅಂತ. ಅದು ನನ್ನ ದನಿ. ಅವತ್ತು ನೆಗಡಿ ಆಗಿ ಮೂಗು ಕಟ್ಟಿತ್ತು, ಜನ ಅದನ್ನೇ ಅಳು ನುಂಗಿಕೊಂಡ ದನಿ ಅಂದ್ಕೊಂಡ್ರು...

ಯಾಕೆ ನಗ್ತೀಯ? ಇದನ್ನ ಹೇಳೋದು ಬೇಡ್ವಾ? ಸರಿ, ಬಿಟ್ಟೆ.

ಆಮೇಲೆ ಸರ್ಕಾರದವರು ಹಾಸ್ಟೆಲ್ ಮುಚ್ಚಿದ್ರು, ಹುಡುಗ್ರು ಬೀದಿಗೆ ಬಂದ್ರು. ಯಾರೋ ಒಬ್ಬರು ಆ ಮಾತು ಕೂಗಿದ್ದೇ ತಡ, ಗೋಡೆ ಮೇಲೆ ಅದೇ, ಅಂಗಿ ಮೇಲೆ ಅದೇ. ನನ್ನನ್ನ ಹುಡುಕಿಕೊಂಡು ಬಂದು ಲಾರಿ ಹತ್ತಿಸಿದ್ರು. ನನ್ನ ಮುಖ ಯಾರಿಗೆ ಗೊತ್ತು? ಯಾರ ಮನೆ ಅಜ್ಜಿಯೋ ಅಂತ ನೋಡ್ತಿದ್ರು. ಮೈಕ್ ಹಿಡಿದು ಬಾಯಿ ತೆಗೆದೆ... ಅಷ್ಟು ಜನ, ಪಿಟ್ ಅನ್ನಲಿಲ್ಲ. ಆಮೇಲೆ ಎದ್ದ ಗದ್ದಲ ನೀನು ಟಿವೀಲಿ ನೋಡಿದೀಯ. ನನಗೇನೂ ಅನ್ನಿಸಲಿಲ್ಲ ಅಕ್ಕ. ಲಾರಿಯಿಂದ ಇಳಿಯೋದು ಹೇಗಪ್ಪಾ ಅಂತ ಯೋಚಿಸ್ತಿದ್ದೆ.

ಅವತ್ತಿಂದ ಸ್ಟುಡಿಯೋದವರು ನನ್ನ ಫೋನ್ ಎತ್ತಲ್ಲ. ಇದನ್ನ ಹೇಳ್ಬೇಕು ಅಲ್ವಾ? ಹ್ಞೂಂ.

ಅಷ್ಟರಲ್ಲಿ ಆ ಸಿನಿಮಾದ ನಾಯಕಿಯಮ್ಮ ಸರ್ಕಾರದ ಪಕ್ಷ ಸೇರಿ ಚುನಾವಣೆಗೆ ನಿಂತ್ಲು. ಮುಖ ಅವಳದು ತಾನೆ, ಮಾತೂ ಅವಳ ಹಿಂದೆ ಹೋಯ್ತು. ಈಗ ಅವರ ಪ್ರಚಾರದ ವ್ಯಾನು ದಿನಾ ಮಧ್ಯಾಹ್ನ ನಮ್ಮ ಬೀದಿಗೆ ಬರುತ್ತೆ. ಅದೇ ಮಾತು, ಅರ್ಥ ಮಾತ್ರ ತಿರುಗಾಮುರುಗಾ. ಊರಿಗೆ ಬೀಗ ಜಡಿಯೋರು ಚಳವಳಿಯವರಂತೆ, ಬಾಗಿಲು ತೆಗೆಯೋರು ತಾವಂತೆ. ಮೇಲಿನ ಮನೆಯವರು ಬಾಲ್ಕನಿಗೆ ಬಂದು ಚಪ್ಪಾಳೆ ತಟ್ತಾರೆ, ಕೆಳಗಿನ ಮನೆಯವರು ದಡಾರನೆ ಕಿಟಕಿ ಹಾಕ್ಕೋತಾರೆ. ಮೆಟ್ಟಿಲಲ್ಲಿ ಎದುರಾದ್ರೆ ಇಬ್ರೂ ಗೋಡೆ ನೋಡ್ಕೊಂಡು ಹೋಗ್ತಾರೆ.

ಹೌದಪ್ಪ, ಕೇಸು ಅದಕ್ಕೇ. ನನ್ನ ದನೀನ ನನ್ನ ಕೇಳದೆ ಬಳಸ್ತಿದಾರೆ ಅಂತ. ಚಳವಳಿಯವರೂ ದಿನಾ ಅದೇ ಒತ್ತಾಯ. ಗೊತ್ತು ನನಗೆ.

ಗುಬ್ಬೀನಾ? ಚೆನ್ನಾಗಿದಾಳೆ. ಬೇರೆ ಊರಲ್ಲಿ ಯಾವುದೋ ಧಾರಾವಾಹಿಗೆ ಡಬ್ಬಿಂಗ್, ಪಾಪ ಉಸಿರಾಡೋಕೂ ಬಿಡುವಿಲ್ಲ. ...ಮಾಡ್ತಾಳೆ, ಮಾಡ್ತಾಳೆ. ಹೆತ್ತಮ್ಮನಿಗೆ ಫೋನ್ ಮಾಡದೆ ಇರ್ತಾಳಾ? ಸಕ್ಕರೆ ಸಾಕಾ ನೋಡು.

ಅದೇನು, ಫೋನ್ ಯಾಕೆ ತೆಗೆದೆ? ಓ... ವ್ಯಾನಿನ ದನಿ ಹಿಡಿದಿಟ್ಟಿದೀಯ, ಸಾಕ್ಷಿಗೆ. ಇಲ್ಲೇ ಯಾಕೆ, ಲಾಯರ್ ಹತ್ರ ಹಾಕಿದ್ರೆ ಆಗಲ್ವಾ? ಸರಿ. ಹಾಕು.

...ಕೇಳಿದ್ಯಲ್ಲ. ನನ್ನದೇ. ನಡಿ, ಹೊತ್ತಾಯ್ತು.

ಮತ್ತೆ ಯಾಕೆ ಹಾಕ್ತೀಯ? ರಸ್ತೆ ಗಲಾಟೆ ಸೇರ್ಕೊಂಡಿದೆ, ಅದಕ್ಕೆ ಸ್ವಲ್ಪ ಬೇರೆ ಥರ ಕೇಳ್ಸುತ್ತೆ. ಅವರ ಸ್ಪೀಕರೂ ಹಳೇದು.

ಸಾಕು ಅಕ್ಕ. ಎಷ್ಟು ಸಲ ಕೇಳ್ತೀಯ.

...ಹಾಗೆ ನೋಡ್ಬೇಡ ನನ್ನ.

ಹೌದು.

'ಬಾಗಿಲು' ಅನ್ನೋಕೆ ಮುಂಚೆ ಒಂಚೂರು ಎಂಜಲು ನುಂಗ್ತಾಳೆ ಗುಬ್ಬಿ. ಚಿಕ್ಕೋಳಿದ್ದಾಗಿಂದ ಹಾಗೇ. ತೊಡೆ ಮೇಲೆ ಕೂರಿಸ್ಕೊಂಡು ಮಾತು ಕಲಿಸಿದೋಳು ನೀನು, ನಿನ್ನ ಕಿವಿಗೆ ತಪ್ಪುತ್ತಾ... ಸಿನಿಮಾದಲ್ಲಿ ಹಾಗಿಲ್ಲ. ನಾನು ಒಂದೇ ಉಸಿರಲ್ಲಿ ಹೇಳಿದ್ದೆ. ಇದು ಅವಳ ಹತ್ರ ಹೊಸದಾಗಿ ಹೇಳಿಸಿರೋದು. ಮೊದಲ್ನೇ ದಿನ ವ್ಯಾನು ಬಂದಾಗ ಪಾತ್ರೆ ತೊಳೀತಿದ್ದೆ. ಆಗ್ಲೇ ಗೊತ್ತಾಯ್ತು. ನಲ್ಲಿ ಹಾಗೇ ಹರೀತಿತ್ತು.

ದುಡ್ಡಿಗೆ ಹೋಗಿದ್ರೆ ಬೈದು ಸುಮ್ಮನಾಗ್ತಿದ್ದೆ. ನಂಬಿ ಹೋಗಿದಾಳೆ. ನಾಯಕಿಯಮ್ಮ ಅಂದ್ರೆ ಅವಳಿಗೆ ಪ್ರಾಣ. ಚೀಲ ಹೆಗಲಿಗೇರಿಸ್ಕೊಂಡು ಬಾಗಿಲಲ್ಲಿ ನಿಂತು ಹೇಳಿದ್ಲು, 'ಅಮ್ಮ, ಆ ಮಾತು ಅವರದು. ನೀನು ಬರೀ ಅವರ ತುಟಿಗೆ ತಕ್ಕ ಹಾಗೆ ಅಂದೋಳು.' ಜಗಳ ಆಡ್ಲಿಲ್ಲ, ಮೆಲ್ಲಗೇ ಹೇಳಿದ್ಲು. ಆಮೇಲೆ ಫೋನಿಲ್ಲ, ಏನಿಲ್ಲ.

ಕೋರ್ಟಿಗೆ ಹೋದ್ರೆ ಇದು ನಿನ್ನ ದನಿ ಅಲ್ಲ, ಮತ್ತೆ ಯಾರದು ಅಂತಾರೆ. ನನ್ನ ಬಾಯಿಂದಲೇ ಹೇಳಿಸ್ತಾರೆ. ನಮ್ಮ ಚಳವಳಿ ಹುಡುಗ್ರು ಅವಳನ್ನ ನೆಮ್ಮದಿಯಾಗಿ ಓಡಾಡೋಕೆ ಬಿಡ್ತಾರಾ? ಅದು ಬಿಡು. ವ್ಯಾನೇ ನಿಂತು ಹೋಗುತ್ತೆ ಅಕ್ಕ.

ಅದು ಬರೋ ಹೊತ್ತಿಗೆ ಫ್ಯಾನ್ ಆರಿಸ್ತೀನಿ, ಕಿಟಕಿ ಪೂರ್ತಿ ತೆಗೀತೀನಿ. ನಾನೂ ಅವರ ಕಡೆ ಬಂದೆ ಅಂತ ಮೇಲಿನ ಮನೆಯವರಿಗೆ ಖುಷಿ. ಇರ್ಲಿ. ಈ ವಾರ ಇನ್ನೆರಡು ಸಾಲು ಸೇರಿಸಿ ಹೇಳಿಸಿದಾರೆ. ಕೊನೆ ಕೊನೆಗೆ ದನಿ ಇಳಿದುಬಿಡುತ್ತೆ. ಹೊತ್ತಿಗೆ ಸರಿಯಾಗಿ ಊಟ ಮಾಡ್ತಿಲ್ಲ ಅವಳು.

ಚೀಲ ಕೆಳಗಿಡು. ಇನ್ನೇನು ಬರೋ ಹೊತ್ತಾಯ್ತು... ಇಲ್ಲಿ ಬಾ, ಕಿಟಕಿ ಹತ್ರ ಚೆನ್ನಾಗಿ ಕೇಳ್ಸುತ್ತೆ.